ತೆಳ್ಳಗಾಗುತ್ತಾ ಹೋದ ರೊಟ್ಟಿ

ಮರಗಮ್ಮನ ಮನೆಯಲ್ಲಿ ರೊಟ್ಟಿ ತೆಳ್ಳಗಾಗತೊಡಗಿದ್ದು ದೀಪಾವಳಿಯ ಆಸುಪಾಸಿನಲ್ಲಿ. ಅದೊಂದು ಕಾಯಿಲೆಯ ಸುದ್ದಿ ಎಂದು ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ರೊಟ್ಟಿ ಬಡಿಯುತ್ತಿದ್ದ ಅವಳಿಗೂ ಹೊಳೆಯಲಿಲ್ಲ.

ಮರಾಠಿ ನಾಡಿನ ಠಾಣೆ ಪಟ್ಟಣದ ಆಚೆ, ಠಾಕುರ್ಲಿಯ ಪೂರ್ವಕ್ಕೆ, ರೈಲು ಹಳಿಗೆ ಬೆನ್ನು ಮಾಡಿ ನಿಂತ ಸಾಲುಮನೆಗಳ ಚಾಳಿನಲ್ಲಿ ಅವಳ ಮನೆ. ಅಫಜಲಪುರದ ಕಡೆಯಿಂದ ಇಲ್ಲಿಗೆ ಬಂದು ಇಪ್ಪತ್ತು ವರ್ಷ ದಾಟಿತ್ತು. ಗಂಡ ಮಹಾದೇವಪ್ಪ ತನ್ನ ಅಣ್ಣ ಜಟ್ಟೆಪ್ಪನ ಗ್ಯಾಂಗಿನಲ್ಲಿ ಗಟಾರ ತೋಡುವ, ನೀರಿನ ಪೈಪು ಹೂಳುವ ಕೆಲಸಕ್ಕೆ ಹೋಗುತ್ತಿದ್ದ. ಮಗಳು ಮಲ್ಲಿಕಾ ಉಲ್ಹಾಸನಗರದ ಜೀನ್ಸ್ ಕಾರ್ಖಾನೆಯೊಂದರಲ್ಲಿ ಹೊಲಿಗೆ ಹಾಕುತ್ತಿದ್ದಳು. ಮರಗಮ್ಮ ಬೆಳಗಾಗುತ್ತಲೇ ಒಲೆಯ ಮುಂದೆ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಡೊಂಬಿವಲಿಯ ಒಂದು ಖಾನಾವಳಿಗೆ, ಅಕ್ಕಪಕ್ಕದ ಹತ್ತಾರು ಮನೆಗಳಿಗೆ ಅವಳದೇ ರೊಟ್ಟಿ. ಆ ಬಡಿತದ ಸದ್ದು ಇರುವವರೆಗೆ ಚಾಳಿನವರಿಗೆ ಗಡಿಯಾರ ಬೇಡ ಎಂದು ಜನ ನಗುತ್ತಿದ್ದರು.

ಪ್ರತಿ ಶನಿವಾರ ಬೆಳಿಗ್ಗೆ ಸ್ವರ್ಣಲತಾ ಬರುತ್ತಿದ್ದರು. ಉಡುಪಿಯ ಕಡೆಯವರು, ಹಿಂದಿನ ಬೀದಿಯಲ್ಲಿ ಸೊಸೈಟಿ ಎಂದು ಕರೆಯುವ ಫ್ಲ್ಯಾಟುಗಳ ಕಟ್ಟಡದಲ್ಲಿ ಮನೆ. ಠಾಣೆಯ ಕಡೆಯ ದೊಡ್ಡ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಸಿಸ್ಟರ್. ಬಾಯಿಯಿಂದ ಕ್ಯಾಮೆರಾ ಇರುವ ಸಣ್ಣ ನಳಿಕೆ ಇಳಿಸಿ ಒಳಗೆ ನೋಡುವ ಪರೀಕ್ಷೆಗೆ ಎಂಡೋಸ್ಕೋಪಿ ಎನ್ನುತ್ತಾರೆ. ಆ ವಿಭಾಗದಲ್ಲಿ ಅವರಿಗೆ ಹನ್ನೊಂದು ವರ್ಷದ ಕೆಲಸ. ಅವರ ಗಂಡ ರಘುಪತಿಯವರಿಗೆ ಸಕ್ಕರೆ ಕಾಯಿಲೆ ಬಂದ ಮೇಲೆ ಆ ಮನೆಯಲ್ಲಿ ಅನ್ನ ಕಡಿಮೆಯಾಗಿ ಮರಗಮ್ಮನ ರೊಟ್ಟಿ ಬಂದು ಕೂತಿತ್ತು.

ಶಿವರಾತ್ರಿ ಹತ್ತಿರವಿದ್ದ ಒಂದು ಶನಿವಾರ. ರೊಟ್ಟಿ ಕಟ್ಟಿಸಿಕೊಳ್ಳುತ್ತಿದ್ದ ಸ್ವರ್ಣಲತಾ ಅವರ ಕಣ್ಣು ಪಕ್ಕದ ತಟ್ಟೆಯ ಮೇಲೆ ಬಿತ್ತು. ಅದರಲ್ಲಿದ್ದ ಎರಡು ರೊಟ್ಟಿಗಳ ಮೂಲಕ ತಟ್ಟೆಯ ಹೂವಿನ ಚಿತ್ರ ಕಾಣುತ್ತಿತ್ತು.

"ಇದು ಎಂತ ಮರಗಮ್ಮ, ರೊಟ್ಟಿಯಾ ಪೇಪರಾ? ನಮ್ಮವರಿಗೆ ಇದನ್ನು ಕೊಟ್ಟರೆ ಓದಿ ಮಡಚಿ ಇಡ್ತಾರೆ."

ಮರಗಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕಳು. "ಅವು ನಿಮ್ಮವಲ್ರಿ ಅಕ್ಕಾರ. ನಮ್ಮ ಮನಿಯವ್ರಿಗಿ ಬಡದೀನಿ. ಅವರಿಗಿ ದಪ್ಪ ರೊಟ್ಟಿ ಹೋಗಂಗಿಲ್ಲ."

"ಹೋಗೂದಿಲ್ಲ ಅಂದ್ರೆ? ಇಷ್ಟ ಇಲ್ವಾ, ಗಂಟಲಲ್ಲಿ ಇಳಿಯೂದಿಲ್ವಾ?"

"ಇಳೀವಲ್ದು ಅಂತಾರ. ದೀಪಾವಳಿ ಮುಂದ ರೊಟ್ಟಿ ಎದ್ಯಾಗ ನಿಂದ್ರತದ ಅಂದ್ರು. ನಾ ತೆಳ್ಳಗ ಬಡದೆ. ಸಂಕ್ರಮಣಕ್ಕ ಅದೂ ನಿಂತ್ತು. ಸಾರಿನ್ಯಾಗ ನೆನಿಸಿ ಕೊಟ್ಟೆ. ಈಗ ಹದಿನೈದು ದಿನ ಆತು, ನೆನಿಸಿದ್ದೂ ಬ್ಯಾಡ ಅಂತಾರ, ಬರೇ ಅಂಬಲಿ. ಈ ಎರಡು ರೊಟ್ಟಿ ಸುಮ್ಮ ಬಡದೀನಿ, ಒಂದ್ವ್ಯಾಳಿ ತಿಂದಾರು ಅಂತ." ಇಷ್ಟು ತೆಳ್ಳಗೆ ಬಡಿಯಲು ಬೇರೆ ಯಾರ ಕೈಗೂ ಬರುವುದಿಲ್ಲ ಎಂಬ ಹೆಮ್ಮೆಯಲ್ಲೇ ಅವಳು ಮಾತು ಶುರು ಮಾಡಿದ್ದಳು. ಆದರೆ ದೀಪಾವಳಿ, ಸಂಕ್ರಮಣ, ಹದಿನೈದು ದಿನ ಎಂದು ಒಂದರ ಹಿಂದೆ ಒಂದು ಹೇಳುತ್ತಾ ಹೋದಂತೆ ಅವಳಿಗೇ ಏನೋ ಕೇಳಿಸಿದಂತಾಗಿ ದನಿ ಇಳಿಯಿತು.

ಸ್ವರ್ಣಲತಾ ನಗಲಿಲ್ಲ. "ತೂಕ ಕಮ್ಮಿ ಆಗಿದೆಯಾ?"

"ತೂಕ ಯಾರು ನೋಡ್ಯಾರ್ರಿ. ಸೊಂಟದ ಉಡದಾರ ಎರಡು ಸಲ ಬಿಗಿ ಮಾಡಿ ಗಂಟು ಹಾಕೀನಿ."

"ತಂಬಾಕು?"

"ಅದು ಬಿಟ್ರ ಮಣ್ಣ ತೋಡಾಕ ಕೈ ಏಳಂಗಿಲ್ಲ ಅಂತಾರ."

ಸ್ವರ್ಣಲತಾ ರೊಟ್ಟಿಯ ಗಂಟನ್ನು ಕೆಳಗಿಟ್ಟು ಅವಳ ಪಕ್ಕ ಕೂತರು. "ಕೇಳಿ ಮರಗಮ್ಮ. ಹೆದರಿಸ್ಲಿಕ್ಕೆ ಹೇಳೂದಲ್ಲ. ನಾವು ಉಂಡದ್ದು ಗಂಟಲಿಂದ ಹೊಟ್ಟೆಗೆ ಇಳಿಯುವ ಒಂದು ನಳಿಕೆ ಉಂಟು, ಅನ್ನನಾಳ. ಅದು ಎಲ್ಲೋ ಸಣ್ಣ ಆಗ್ತಾ ಇರ್ಬೇಕು. ಮೊದಲು ಗಟ್ಟಿಯದ್ದು ನಿಲ್ತದೆ, ಆಮೇಲೆ ಮೆತ್ತಗಿನದ್ದು, ಕಡೆಗೆ ನೀರು. ಯಾಕೆ ಸಣ್ಣ ಆಗಿದೆ ಅಂತ ನೋಡದೆ ಹೇಳ್ಲಿಕ್ಕೆ ಆಗೂದಿಲ್ಲ. ಕಾಯಬೇಡಿ. ಸೋಮವಾರ ಕರ್ಕೊಂಡು ಬನ್ನಿ."

ಅವರು ಹೋದ ಮೇಲೆ ಮರಗಮ್ಮ ಒಲೆಯ ಮುಂದೆ ಹಾಗೇ ಕೂತಳು. ಹಂಚಿನ ಮೇಲಿದ್ದ ರೊಟ್ಟಿ ಕರಕಾಯಿತು. ಖಾನಾವಳಿಗೆ ರೊಟ್ಟಿ ಬಡಿಯಲು ಕೂತ ಮೇಲೆ ಅವಳ ಹಂಚಿನಲ್ಲಿ ಕರಕಾದದ್ದು ಅದೇ ಮೊದಲು.

ಆ ಸಂಜೆ ಜಟ್ಟೆಪ್ಪ ಬಂದ. ಗ್ಯಾಂಗಿನ ಆಳುಗಳ ಮೇಲಿನ ಮುಕಾದಮ, ಮನೆಗೆ ಹಿರಿಯ. ಅವನ ಮಾತನ್ನು ಚಾಳಿನಲ್ಲಿ ಯಾರೂ ತೆಗೆದುಹಾಕುತ್ತಿರಲಿಲ್ಲ. ತಮ್ಮ ಗೋಡೆಗೆ ಮುಖ ಮಾಡಿ ಕೂತು, ಒಂದು ಲೋಟ ಅಂಬಲಿಯನ್ನು ಗುಟುಕು ಗುಟುಕಾಗಿ ಕುಡಿಯುತ್ತಿದ್ದುದನ್ನು ಅವನು ಬಹಳ ಹೊತ್ತು ನೋಡಿದ. ಮಹಾದೇವಪ್ಪ ಹೀಗೆ ಗೋಡೆಗೆ ಮುಖ ಮಾಡಿ ಉಣ್ಣತೊಡಗಿ ಎಷ್ಟು ದಿನವಾಯಿತು ಎಂದು ಮರಗಮ್ಮ ಆಗ ಲೆಕ್ಕ ಹಾಕಿದಳು. ಅದೂ ಸಂಕ್ರಮಣದಿಂದಲೇ.

"ಇದು ಕೈಮದ್ದು," ಎಂದ ಜಟ್ಟೆಪ್ಪ. "ಯಾರೋ ಕೂಳಿನ್ಯಾಗ ಹಾಕಿ ಉಣಿಸ್ಯಾರ. ಒಳಗ ಗಂಟು ಕಟ್ಟಿ ಕುಂತದ. ನಮ್ಮೂರ ಕಡಿ ಒಬ್ಬ ಮುತ್ಯಾ ಅದಾನ. ಎಲಿ ರಸ ಕುಡಿಸಿ ಕಕ್ಕಿಸ್ತಾನ. ಗಂಟು ಹೊರಗ ಬಿತ್ತು ಅಂದ್ರ ಮರುದಿನಾನೇ ದಪ್ಪ ರೊಟ್ಟಿ ಮುರದು ಮುಟಗಿ ಮಾಡಿ ಹೊಡೀತಾನ ನೋಡು. ಮಂಗಳವಾರ ಕಲ್ಯಾಣದಾಗ ಗಾಡಿ ಹತ್ತೂಣು."

"ದೊಡ್ಡಪ್ಪಾ, ಕುಛ್ ಭೀ!" ಎಂದಳು ಮಲ್ಲಿಕಾ, ಇದೆಲ್ಲ ಏನೇನೋ ಮಾತು ಎಂಬಂತೆ, ಕೂದಲು ಬಾಚುತ್ತಲೇ.

"ನೀ ಸುಮ್ಮನಿರು. ಕನ್ನಡದಾಗ ಉತ್ತರ ಕೊಡಾಕ ಬರಂಗಿಲ್ಲ, ದೊಡ್ಡವರಿಗಿ ಬುದ್ಧಿ ಹೇಳ್ತಾಳ." ಜಟ್ಟೆಪ್ಪ ತಮ್ಮನ ಕಡೆ ತಿರುಗಿದ. "ನೆನಪ ಮಾಡಿ ಹೇಳು. ಯಾರ ಕೈಯಾಗ ಉಂಡಿ?"

"ಮನ್ಯಾಗ ಬಿಟ್ಟು ನಾ ಎಲ್ಲಿ ಉಣ್ತೀನಣ್ಣಾ," ಎಂದ ಮಹಾದೇವಪ್ಪ.

ಅವನು ಕೆಟ್ಟ ಅರ್ಥದಲ್ಲಿ ಹೇಳಲಿಲ್ಲ. ಆದರೂ ಮಾತು ಬಾಯಿಂದ ಬಿದ್ದಾಗಿತ್ತು. ಜಟ್ಟೆಪ್ಪ ಹಿಟ್ಟಿನ ಡಬ್ಬಿಯನ್ನು ನೋಡಿದ, ಆಮೇಲೆ ಮರಗಮ್ಮನ ಕೈಯನ್ನು ನೋಡಿದ. ಇಪ್ಪತ್ತು ವರ್ಷ ಆ ಮನೆಗೆ ಉಣಬಡಿಸಿದ ಕೈ ಅದು. ಮರಗಮ್ಮ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಊರಿಗೆ ಬೇಡ, ಆಸ್ಪತ್ರೆಗೆ ಹೋಗೋಣ ಎಂದರೆ ಮದ್ದು ಹೊರಬೀಳುತ್ತದೆಂದು ಹೆದರಿದಳು ಎನ್ನುತ್ತಾರೆ. ಸುಮ್ಮನಿದ್ದರೆ ಗಂಡ ಹೋಗುತ್ತಾನೆ. ಹೋದವನು ಹೇಗೆ ತಿರುಗಿ ಬರುತ್ತಾನೋ? ಸ್ವರ್ಣಲತಾ ಹೇಳಿದ್ದು ನಾಲಿಗೆಯ ತುದಿಗೆ ಬಂತು. ಅವಳು ಅದನ್ನು ನುಂಗಿಕೊಂಡಳು.

ಭಾನುವಾರ ಮಧ್ಯಾಹ್ನ ಅಂಬಲಿಯೂ ನಿಂತಿತು. ಎರಡು ಗುಟುಕು ಕುಡಿದವನು ಎದೆ ಹಿಡಿದುಕೊಂಡು ಎದ್ದ; ಕುಡಿದದ್ದು ಹಾಗೇ ಹೊರಗೆ ಬಂತು. ಆಮೇಲೆ ಬಾಯಲ್ಲಿ ಊರಿದ ಎಂಜಲೂ ಇಳಿಯದಾಯಿತು. ಹೊಸ್ತಿಲಲ್ಲಿ ಡಬ್ಬವೊಂದನ್ನು ಮುಂದಿಟ್ಟುಕೊಂಡು ಉಗುಳುತ್ತಾ ಕೂತ. ಅವನ ಕಣ್ಣಲ್ಲಿ ನೀರಿತ್ತು. ಮರಗಮ್ಮ ಚಪ್ಪಲಿಯನ್ನೂ ಹಾಕಿಕೊಳ್ಳದೆ ಸೊಸೈಟಿಗೆ ಓಡಿದಳು.

ಸ್ವರ್ಣಲತಾ ಊಟದ ಕೈ ತೊಳೆದುಕೊಂಡು ಹಾಗೇ ಬಂದರು. ಹೊಸ್ತಿಲಲ್ಲೇ ಕೂತು ಕೇಳಿದರು: "ಎಲ್ಲಿ ನಿಲ್ತದೆ ಮಹಾದೇವಪ್ಪ, ಬೆರಳಿಟ್ಟು ತೋರ್ಸಿ."

ಅವನು ಎದೆಯ ನಡುವೆ ಬೆರಳಿಟ್ಟ.

"ನಿಜ ಹೇಳಿ, ಯಾವಾಗಿನಿಂದ?"

ಮಹಾದೇವಪ್ಪ ಹೆಂಡತಿಯ ಕಡೆ ನೋಡದೆ ಹೇಳಿದ. "ಗಣಪತಿ ಹಬ್ಬದಿಂದ್ರಿ. ಡಬ್ಬಿ ರೊಟ್ಟಿ ಗ್ಯಾಂಗಿನವರಿಗಿ ಕೊಡ್ತಿದ್ದೆ. ಇಕಿ ಖಾಲಿ ಡಬ್ಬಿ ನೋಡಿ ಖುಷಿ ಆಗ್ತಿದ್ಳು."

ಮರಗಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

ಅಷ್ಟರಲ್ಲಿ ಜಟ್ಟೆಪ್ಪ ಬಂದ; ರೈಲಿನ ಟಿಕೆಟು ಅಂಗಿಯ ಜೇಬಿನಲ್ಲಿತ್ತು. ವಿಷಯ ಕೇಳಿ ಅವನಿಗೆ ಸಿಟ್ಟು ಬಂತು. "ಸಿಸ್ಟರ್‌ಬಾಯಿ, ನಿಮ್ಮ ಆಸ್ಪತ್ರಿಗಿ ಹೋದವರು ತಿರುಗಿ ಬಂದದ್ದು ನಾ ಒಬ್ಬರನ್ನೂ ಕಂಡಿಲ್ಲ."

"ಬಂದವರು ಎಂತಕ್ಕೆ ನಿಮಗೆ ಕಾಣ್ಲಿಕ್ಕೆ ಸಿಗ್ತಾರೆ? ಅವರು ಕೆಲಸಕ್ಕೆ ಹೋಗಿರ್ತಾರೆ," ಎಂದರು ಸ್ವರ್ಣಲತಾ. ಆಮೇಲೆ ದನಿ ತಗ್ಗಿಸಿದರು. "ಜಟ್ಟೆಪ್ಪಣ್ಣ, ತಮ್ಮನ ಮೇಲೆ ನಿಮಗಿರುವ ಪ್ರೀತಿ ನನಗೆ ಗೊತ್ತಾಗ್ತದೆ. ಆದರೆ ದಾರಿ ಮುಚ್ಚಿದವರಿಗೆ ರಸ ಕುಡಿಸಿ ವಾಂತಿ ಮಾಡಿಸಬಾರದು. ಅದು ಕೆಳಗೆ ಇಳಿಯದೆ ಉಸಿರಿನ ನಳಿಕೆಗೆ ಹೋಗಬಹುದು. ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಒಂದು ಮಾತು ಕೇಳಿ. ಇವತ್ತು ಭಾನುವಾರ, ನಮ್ಮ ವಿಭಾಗ ತೆರೆದಿರೂದಿಲ್ಲ; ನಾಳೆ ಬೆಳಿಗ್ಗೆಯೇ ಕ್ಯಾಮೆರಾ ಇಳಿಸುವ, ರಾತ್ರಿ ಏನಾದ್ರೂ ಹೆಚ್ಚಾದ್ರೆ ಆಗಲೇ ಹೊರಡುವ. ಒಳಗೆ ಇರೂದು ಫೋಟೋದಲ್ಲಿ ಬರ್ತದೆ. ಮದ್ದಿನ ಗಂಟಿದ್ರೆ ಗಂಟೇ ಕಾಣ್ಲಿ. ನೀವೂ ಬನ್ನಿ. ನಿಮ್ಮ ಕಣ್ಣಿಂದಲೇ ನೋಡಿ."

ಜಟ್ಟೆಪ್ಪ ಜೇಬಿನ ಟಿಕೆಟು ಮುಟ್ಟಿ ನೋಡಿಕೊಂಡ. "ಮಂಗಳವಾರದ ಗಾಡಿ ಅದ. ಸೋಮವಾರ ನಿಮ್ಮದು ನೋಡ್ತೀನಿ," ಎಂದ.

ಆಗ ಮರಗಮ್ಮ ಮೊದಲ ಸಲ ಭಾವನ ಎದುರು ಬಾಯಿ ತೆರೆದಳು. "ನೋಡ್ರಿ ಭಾವ. ಛಂದಾಗಿ ನೋಡ್ರಿ. ನನ್ನ ಕೈಯಾಗ ಏನಿತ್ತು ಅದೂ ಗೊತ್ತಾಗ್ಲಿ."

ಸೋಮವಾರ ಬೆಳಿಗ್ಗೆ ಠಾಕುರ್ಲಿಯಲ್ಲಿ ಸ್ಲೋ ಲೋಕಲ್ ಹತ್ತಿದರು. ಕೂತಿದ್ದ ಒಬ್ಬ ಮನುಷ್ಯ ಮಹಾದೇವಪ್ಪನ ಮುಖ ನೋಡಿ ತಾನೇ ಎದ್ದು ಜಾಗ ಕೊಟ್ಟ. ಆ ಉಪಕಾರವೇ ಮರಗಮ್ಮನನ್ನು ಹೆಚ್ಚು ಹೆದರಿಸಿತು. ಕೇಳದೆ ಜಾಗ ಕೊಡುವಷ್ಟು ಸೊರಗಿದ್ದಾನೆಯೇ? ದಿನವೂ ನೋಡುವ ಕಣ್ಣಿಗೆ ಅದು ಕಾಣಲೇ ಇಲ್ಲವೇ?

ಪರೀಕ್ಷೆ ಹತ್ತು ಹದಿನೈದು ನಿಮಿಷದಲ್ಲಿ ಮುಗಿಯಿತು. ಗಂಟಲಿಗೆ ಮರಗಟ್ಟುವ ಔಷಧಿ ಹೊಡೆದಿದ್ದರು. ಓಕರಿಕೆ ಬಂತು, ಆದರೆ ತಡೆಯಲಾರದ ನೋವೇನೂ ಆಗಲಿಲ್ಲ ಎಂದ ಮಹಾದೇವಪ್ಪ. ಡಾಕ್ಟರು ಫೋಟೋ ತೋರಿಸಿ ಹಿಂದಿಯಲ್ಲಿ ಹೇಳಿದ್ದನ್ನು ಸ್ವರ್ಣಲತಾ ಕನ್ನಡದಲ್ಲಿ ಬಿಡಿಸಿ ಹೇಳಿದರು. ಅನ್ನನಾಳದ ಒಳಗೋಡೆಯಲ್ಲೇ ಒಂದು ಗಡ್ಡೆ ಬೆಳೆದಿದೆ. ದಾರಿ ಸೂಜಿಯ ಕಣ್ಣಿನಷ್ಟು ಉಳಿದಿದೆ. ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ.

ಜಟ್ಟೆಪ್ಪ ಫೋಟೋವನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿದ. "ಇದು ಹೊರಗಿಂದ ಹಾಕಿದ್ದಲ್ಲ?"

"ಅಲ್ಲ. ಅವರ ಮೈಯಲ್ಲೇ ಬೆಳೆದದ್ದು. ಉಂಡದ್ದರಿಂದ ಬಂದದ್ದಲ್ಲ. ವರ್ಷಗಟ್ಟಲೆ ಹಾಕುವ ತಂಬಾಕಿನಿಂದ ಬರಬಹುದು, ಕುಡಿತದಿಂದ ಬರಬಹುದು. ಇವೇನೂ ಇಲ್ಲದವರಿಗೂ ಬರ್ತದೆ."

ಜಟ್ಟೆಪ್ಪ ಫೋಟೋವನ್ನು ತಿರುಗಿ ಕೊಟ್ಟ. ಕ್ಯಾಂಟೀನಿಗೆ ಹೋಗಿ ಮರಗಮ್ಮನಿಗೆ ಒಂದು ಚಹಾ ತಂದುಕೊಟ್ಟ. ಮದುವೆಯಾಗಿ ಬಂದಾಗಿನಿಂದ ಅವನು ತಮ್ಮನ ಹೆಂಡತಿಗೆ ಚಹಾ ತಂದುಕೊಟ್ಟದ್ದು ಅದೇ ಮೊದಲು. ಮಂಗಳವಾರದ ಗಾಡಿ ಅವರನ್ನು ಬಿಟ್ಟೇ ಹೋಯಿತು.

ಮಹಾದೇವಪ್ಪನನ್ನು ಅಲ್ಲೇ ಸೇರಿಸಿಕೊಂಡು ಸಲೈನ್ ಹಾಕಿದರು. ಸ್ಕ್ಯಾನ್ ಆಯಿತು. ವಾರದ ಕೊನೆಗೆ ವರದಿ ಬಂತು: ಅನ್ನನಾಳದ ಕ್ಯಾನ್ಸರ್. ಲಿವರಿಗೂ ಹರಡಿದೆ, ಕೊಯ್ದು ತೆಗೆಯುವ ಹಂತ ದಾಟಿದೆ. ಸ್ವರ್ಣಲತಾ ಇದನ್ನು ಹೇಳುವಾಗ ಮರಗಮ್ಮನ ಕೈ ಹಿಡಿದುಕೊಂಡಿದ್ದರು.

"ಹಂಗಾರ ಮುಗೀತೇನ್ರಿ?" ಎಂದಳು ಮರಗಮ್ಮ.

"ಮುಗಿದಿಲ್ಲ. ಹಸಿವಿನಿಂದ ಸಾಯ್ಲಿಕ್ಕೆ ನಾವು ಬಿಡೂದಿಲ್ಲ. ಈಗ ಅವರನ್ನು ಹಿಂಡ್ತಾ ಇರೂದು ರೋಗಕ್ಕಿಂತ ಹೆಚ್ಚು ಉಪವಾಸ. ಮೊದಲು ದಾರಿ ತೆರೆಯುವ. ಮೈಗೆ ಶಕ್ತಿ ಬಂದ ಮೇಲೆ ಔಷಧಿಯ ಚಿಕಿತ್ಸೆ ಕೊಡ್ಲಿಕ್ಕೆ ಆಗ್ತದಾ ಅಂತ ಡಾಕ್ಟರು ನೋಡ್ತಾರೆ." ಅವರು ಮೇಜಿನ ಡ್ರಾಯರಿನಿಂದ ಏನನ್ನೋ ತೆಗೆದು ಅವಳ ಅಂಗೈಯಲ್ಲಿಟ್ಟರು. ಬೆರಳುದ್ದದ, ಜಾಳಿಯಂತೆ ಹೆಣೆದ ತಂತಿಯ ನಳಿಕೆ. ಹಗುರವಾಗಿತ್ತು. ಒತ್ತಿದರೆ ಮುದುಡುತ್ತಿತ್ತು, ಬಿಟ್ಟರೆ ಮತ್ತೆ ಅರಳುತ್ತಿತ್ತು.

"ಇದಕ್ಕೆ ಸ್ಟೆಂಟ್ ಅಂತಾರೆ. ಇದನ್ನು ಪೆನ್ಸಿಲಿನಷ್ಟು ಸಣ್ಣ ಮಾಡಿ ಬಾಯಿಯಿಂದಲೇ ಇಳಿಸ್ತಾರೆ. ಎದೆ ಕೊಯ್ಯೂದಿಲ್ಲ, ಹೊಲಿಗೆ ಇಲ್ಲ. ಗಡ್ಡೆ ಇರುವ ಜಾಗಕ್ಕೆ ಹೋಗಿ ಬಿಟ್ಟರೆ, ಒಂದೆರಡು ದಿನದಲ್ಲಿ ತಾನೇ ಅರಳಿ ದಾರಿ ಅಗಲ ಮಾಡ್ತದೆ."

ಜಟ್ಟೆಪ್ಪ ಬಾಗಿ ನೋಡಿದ. "ಸ್ಟೆಂಟ್ ಅಂದ್ರ ಎದಿಗಿ ಹಾಕೂದಲ್ಲೇನ್ರಿ? ನಮಗ ಕೆಲಸಾ ಕೊಡೋ ಠೇಕೇದಾರಗ ಹಾಕ್ಯಾರ. ಇವನ ಎದಿ ಗಟ್ಟಿ ಅದ."

"ಅದು ಹೃದಯದ ರಕ್ತನಾಳಕ್ಕೆ ಹಾಕೂದು, ಸಣ್ಣದು. ಇದು ಅನ್ನನಾಳದ್ದು. ಕೆಲಸ ಎರಡರದ್ದೂ ಒಂದೇ, ಮುಚ್ಚಿದ ದಾರಿ ತೆರೆದಿಡೂದು."

"ಕಬ್ಬಿಣ ಒಳಗಿಟ್ರ ತುಕ್ಕು ಹಿಡಿಯಂಗಿಲ್ಲೇನು? ಚುಚ್ಚಂಗಿಲ್ಲೇನು? ಗಡ್ಡಿ ತೆಗೀಲಾರದ ನಳಿಗಿ ಹಾಕಿ ಏನು ಉಪಯೋಗ? ಮತ್ತ ಮತ್ತ ಬೆಳೀತದಲ್ಲ!" ಜಟ್ಟೆಪ್ಪನ ದನಿ ಏರಿತು. ಅವನಿಗೂ ಭಯವೇ ಎಂದು ಮರಗಮ್ಮನಿಗೆ ಆಗ ತಿಳಿಯಿತು.

"ತುಕ್ಕು ಹಿಡಿಯದ ಲೋಹ ಇದು," ಎಂದು ಸ್ವರ್ಣಲತಾ ಮುಂದೆ ಹೇಳಲು ಹೊರಟರು. ಆದರೆ ಮಂಚದ ಮೇಲಿಂದ ಮಹಾದೇವಪ್ಪ ಕೈ ಎತ್ತಿದ.

"ಅಣ್ಣಾ," ಎಂದ. "ಹಲಗಿ."

"ಏನು?"

"ಆಳದ ಗಟಾರ ತೋಡಾಗ ನಾವು ಎರಡೂ ಕಡಿ ಹಲಗಿ ಕೊಟ್ಟು ನಡುವ ಅಡ್ಡ ಕಟಗಿ, ಬಲ್ಲಿ ಬಿಗೀತೀವಲ್ಲ. ಹಲಗಿ ಕೊಟ್ರ ಮಣ್ಣೇನು ಗಟ್ಟಿ ಆಗ್ತದ? ಆಗಂಗಿಲ್ಲ. ಮ್ಯಾಲಿಂದ ಕುಸೀತನೇ ಇರ್ತದ. ಆದ್ರ ಒಳಗಿನವ ಉಸಿರಾಡ್ತಾನ." ಅವನು ದಣಿದು ಉಸಿರೆಳೆದುಕೊಂಡ. "ಕಲ್ಯಾಣದಾಗ ಹಲಗಿ ಇಲ್ಲದ ಗುಂಡಿಗಿ ನಾ ಇಳಿಯಂಗಿಲ್ಲ ಅಂದಾಗ ನೀನೇ ಠೇಕೇದಾರನ ಕೂಡ ಜಗಳಾ ಮಾಡಿದ್ದಿ."

ಜಟ್ಟೆಪ್ಪ ಆ ಜಾಳಿಯ ನಳಿಕೆಯನ್ನು ಮರಗಮ್ಮನ ಕೈಯಿಂದ ತೆಗೆದುಕೊಂಡ. ಒತ್ತಿದ, ಬಿಟ್ಟ. ಮತ್ತೆ ಒತ್ತಿದ. ಮೂವತ್ತು ವರ್ಷ ಮಣ್ಣಿನ ಜೊತೆ ಗುದ್ದಾಡಿದ ಹೆಬ್ಬೆರಳು ಅದು. "ಬಲ್ಲಿ ಗಟ್ಟಿ ಅದ," ಎಂದ. ಒಪ್ಪಿಗೆಯ ಕಾಗದಕ್ಕೆ ಸಹಿ ಮಾಡಲು ತಾನೇ ಪೆನ್ನು ಕೇಳಿ ತಮ್ಮನ ಕೈಗೆ ಕೊಟ್ಟ.

ಸ್ಟೆಂಟಿಗೆ ಆಗುವ ಖರ್ಚಿನ ವಿಚಾರಕ್ಕೆ ಸ್ವರ್ಣಲತಾ ಅವರನ್ನು ಆಸ್ಪತ್ರೆಯ ಸಮಾಜ ಸೇವಾ ವಿಭಾಗಕ್ಕೆ ಕಳಿಸಿದರು. ಪಡಿತರ ಚೀಟಿ ತಂದು ತೋರಿಸಿದ ಮೇಲೆ ಅಲ್ಲಿಂದ ಸಹಾಯ ಸಿಕ್ಕಿತು. ಹೀಗೆ ಕೇಳಬಹುದು ಎಂಬುದೇ ಅವರಿಗೆ ಅದುವರೆಗೆ ಗೊತ್ತಿರಲಿಲ್ಲ.

ಸ್ಟೆಂಟ್ ಹಾಕಿದ ದಿನ ಮಹಾದೇವಪ್ಪನಿಗೆ ಮಂಪರು ಬರುವ ಚುಚ್ಚುಮದ್ದು ಕೊಟ್ಟಿದ್ದರು. ಒಂದು ಗಂಟೆಯೊಳಗೆ ಹೊರಗೆ ತಂದರು. ಆದರೆ ಸಂಜೆಗೆ ಎದೆನೋವು ಶುರುವಾಯಿತು. ಮರಗಮ್ಮ ಗಾಬರಿಯಾಗಿ ವಾರ್ಡಿನ ತುಂಬ ಓಡಾಡಿದಳು. ಚುಚ್ಚಿಯೇ ಬಿಟ್ಟಿತು, ಭಾವ ಹೇಳಿದ್ದು ನಿಜವಾಯಿತು, ತಾನೇ ಒಪ್ಪಿ ತಾನೇ ಕೊಂದೆ ಎಂದುಕೊಂಡಳು. ಡಾಕ್ಟರು ಬಂದು ನೋಡಿದರು. ಸ್ಟೆಂಟ್ ಅರಳುವಾಗ ಒಂದೆರಡು ದಿನ ನೋವು ಇರುತ್ತದೆ ಎಂದು ಹೇಳಿ ನೋವಿನ ಔಷಧಿ ಕೊಟ್ಟರು. ನೋವು ಕಡಿಮೆಯಾಗದೆ ಹೆಚ್ಚುತ್ತಲೇ ಹೋದರೆ, ಜ್ವರ ಬಂದರೆ ತಕ್ಷಣ ಹೇಳಬೇಕು ಎಂದೂ ಎಚ್ಚರಿಸಿದರು. ಮರುದಿನ ಎಕ್ಸ್‌ರೇ ತೆಗೆದು, ಸ್ಟೆಂಟ್ ಸರಿಯಾದ ಜಾಗದಲ್ಲಿದೆ ಎಂದು ಖಚಿತಪಡಿಸಿಕೊಂಡು, ನೀರು ಕುಡಿಯಲು ಹೇಳಿದರು.

ಮಹಾದೇವಪ್ಪ ಲೋಟ ಬಾಯಿಗಿಟ್ಟ. ಕಣ್ಣು ಮುಚ್ಚಿ ಎದೆಗೆ ಬೆರಳಿಟ್ಟುಕೊಂಡು ಕಾದ. ಮರಗಮ್ಮನೂ ಕಾದಳು. ಅವನ ಬೆರಳು ಎದೆಯ ನಡುವಿನಿಂದ ಮೆಲ್ಲನೆ ಹೊಟ್ಟೆಯ ಕಡೆಗೆ ಜಾರಿತು.

"ಹೋತು," ಎಂದ.

ಮನೆಗೆ ಬಂದ ಮೇಲೆ ಮರಗಮ್ಮ ಸ್ವರ್ಣಲತಾ ಹೇಳಿದ್ದನ್ನೆಲ್ಲ ಮಲ್ಲಿಕಾಳಿಂದ ಬರೆಸಿ ಒಲೆಯ ಮೇಲಿನ ಗೋಡೆಗೆ ಅಂಟಿಸಿದಳು. ಮಗಳು ಬರೆದದ್ದು ಮರಾಠಿಯಲ್ಲಿ. ತಾಯಿ ಅದನ್ನು ಬಾಯಿಪಾಠ ಮಾಡಿಕೊಂಡಳು. ಮೊದಲು ತಿಳಿಯಾದದ್ದು, ಆಮೇಲೆ ಮೆತ್ತಗಿನದ್ದು. ಸ್ವಲ್ಪ ಸ್ವಲ್ಪ, ಹಲವು ಸಲ. ನೆಟ್ಟಗೆ ಕೂತು, ಚೆನ್ನಾಗಿ ಅಗಿದು ಉಣ್ಣುವುದು. ನಡುನಡುವೆ ಉಗುರುಬೆಚ್ಚಗಿನ ನೀರು. ಉಂಡ ಕೂಡಲೇ ಮಲಗುವಂತಿಲ್ಲ; ಮಲಗುವಾಗ ತಲೆಯ ಕಡೆ ಎತ್ತರ ಇರಬೇಕು. ಗಟ್ಟಿ ರೊಟ್ಟಿ, ನಾರಿನ ಸೊಪ್ಪು, ಮಾಂಸದ ತುಂಡು ಬೇಡ. ಸುಡುವ ಚಹಾ ಬೇಡ. ತಂಬಾಕಿನ ಡಬ್ಬಿಯನ್ನು ಮಲ್ಲಿಕಾ ತಾನೇ ತೆಗೆದುಕೊಂಡು ಹೋಗಿ ಕಸದ ಗಾಡಿಗೆ ಹಾಕಿದಳು. "ಬಸ್ ಹೋ ಗಯಾ, ಬಾಬಾ, ಇನ್ನ ಸಾಕು," ಎಂದಳು. ಮಹಾದೇವಪ್ಪ ಆಕೆಯ ಕೈಯನ್ನು ತಡೆಯಲಿಲ್ಲ.

ಹತ್ತು ದಿನ ಎಲ್ಲವೂ ಸರಿಯಾಗಿತ್ತು. ಉಡದಾರದ ಗಂಟು ಇನ್ನು ಬಿಗಿಯಬೇಕಾಗಲಿಲ್ಲ. ಹನ್ನೊಂದನೆಯ ದಿನ ಮರಗಮ್ಮ ನೀರು ತರಲು ಹೋಗಿದ್ದಾಗ ಖಾನಾವಳಿಗೆ ಕಟ್ಟಿಟ್ಟ, ಒಣಗಿಸಿ ಗರಿಗರಿಯಾದ ಕಟಕ ರೊಟ್ಟಿಯ ವಾಸನೆ ಮಹಾದೇವಪ್ಪನನ್ನು ಕರೆಯಿತು. ದಾರಿ ತೆರೆದಿದೆಯಲ್ಲ! ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡ. ಇನ್ನೊಂದು ಚೂರು. ಅವಳು ತಿರುಗಿ ಬರುವಷ್ಟರಲ್ಲಿ ಹೊಸ್ತಿಲಲ್ಲಿ ಮತ್ತದೇ ಡಬ್ಬ, ಅದೇ ಉಗುಳು.

ಉಗುರುಬೆಚ್ಚಗಿನ ನೀರು ಗುಟುಕು ಗುಟುಕಾಗಿ ಕುಡಿಸಿ ನೋಡಿದಳು. ಇಳಿಯಲಿಲ್ಲ. ಈ ಸಲ ಮರಗಮ್ಮ ಹಬ್ಬದವರೆಗೆ ಕಾಯಲಿಲ್ಲ, ಭಾವನನ್ನೂ ಕೇಳಲಿಲ್ಲ. ಸ್ವರ್ಣಲತಾರಿಗೆ ಫೋನು ಮಾಡಿ, ಮುಂದಿನ ಲೋಕಲಿಗೇ ಹೊರಟಳು. ಆಸ್ಪತ್ರೆಯಲ್ಲಿ ಕ್ಯಾಮೆರಾ ಇಳಿಸಿ ಸಿಕ್ಕಿಕೊಂಡ ಚೂರನ್ನು ತೆಗೆದು ಸ್ವಚ್ಛ ಮಾಡಿದರು. ಸ್ಟೆಂಟ್ ಜಾಗದಲ್ಲೇ ಇತ್ತು. ಜಾಗ ಬಿಟ್ಟು ಜಾರುವುದೂ ಉಂಟು, ಗಡ್ಡೆ ಬೆಳೆದು ಮತ್ತೆ ಮುಚ್ಚುವುದೂ ಉಂಟು, ಅದಕ್ಕೇ ನುಂಗುವುದು ಕಷ್ಟವಾದ ಕೂಡಲೇ ಬರಬೇಕು ಎಂದು ಡಾಕ್ಟರು ಹೇಳಿದರು.

"ಮಾರಾಯ್ರೆ, ಹಲಗೆ ಕೊಟ್ಟ ಗುಂಡಿಗೆ ಬಂಡೆ ಉರುಳಿಸ್ತಾರಾ ಯಾರಾದ್ರೂ?" ಎಂದು ಸ್ವರ್ಣಲತಾ ಗದರಿದರು. ಮಹಾದೇವಪ್ಪ ತಲೆ ತಗ್ಗಿಸಿದ. "ವಾಸನಿ ತಡಿಲಿಲ್ರಿ," ಎಂದ.

ಬರುವಾಗ ರೈಲಿನಲ್ಲಿ ಮರಗಮ್ಮ ಅವನನ್ನು ಬೈಯಲಿಲ್ಲ. ಜೋಳವನ್ನು ಬಿಟ್ಟು ಇವನಿಗೆ ಬದುಕಲು ಆಗುವುದಿಲ್ಲ. ಇಷ್ಟು ವರ್ಷ ರೊಟ್ಟಿಯನ್ನೇ ಉಣಿಸಿದವಳಿಗೆ ಬೇರೆ ದಾರಿ ಹೊಳೆಯದೇ ಹೋಯಿತಲ್ಲ ಎಂದುಕೊಂಡಳು. ಮರುದಿನ ಜೋಳದ ನುಚ್ಚನ್ನು ಹೆಚ್ಚು ನೀರಿನಲ್ಲಿ ಬೆಣ್ಣೆಯಂತೆ ಬೇಯಿಸಿ, ಸೌಟಿನಿಂದ ಅರೆದು, ಮಜ್ಜಿಗೆ ಕಲಸಿ ಕೊಟ್ಟಳು. ಯುಗಾದಿಗೆ ಹೂರಣವನ್ನು ಹಾಲಿನಲ್ಲಿ ಕಿವುಚಿ ಬಟ್ಟಲಿಗೆ ಹಾಕಿದಳು. ಆ ದಿನ ಜಟ್ಟೆಪ್ಪನೂ ಊಟಕ್ಕೆ ಬಂದಿದ್ದ. ಮಹಾದೇವಪ್ಪ ಗೋಡೆಗೆ ಮುಖ ಮಾಡಲಿಲ್ಲ. ಎಲ್ಲರ ನಡುವೆ ಕೂತು, ನಿಧಾನವಾಗಿ, ಬಟ್ಟಲು ಬರಿದು ಮಾಡಿದ.

"ನನಗೂ ಹಂಗ ಕಿವುಚಿ ಕೊಡವ್ವಾ. ಇವಂದೇ ರುಚಿ ಕಾಣ್ತದ," ಎಂದ ಜಟ್ಟೆಪ್ಪ. ಅವನ ಜೇಬಿನಲ್ಲೂ ಈಗ ತಂಬಾಕಿನ ಡಬ್ಬಿ ಇರಲಿಲ್ಲ. ನಾಲ್ಕು ದಿನದಿಂದ ಬಿಟ್ಟಿದ್ದೇನೆ, ಐದನೆಯ ದಿನ ಹೇಗೋ ಗೊತ್ತಿಲ್ಲ ಎಂದ.

ಮಹಾದೇವಪ್ಪನ ರೋಗ ಹೋಗಿಲ್ಲ. ಇದನ್ನು ಮುಚ್ಚಿಟ್ಟು ಈ ಕಥೆ ಹೇಳಬಾರದು. ಅವನ ಔಷಧಿಯ ಚಿಕಿತ್ಸೆ ನಡೆದಿದೆ. ಮುಂದೇನು ಎಂದು ಯಾರೂ ಮಾತು ಕೊಟ್ಟಿಲ್ಲ. ಗಣಪತಿ ಹಬ್ಬದಲ್ಲೇ, ಮೊದಲ ರೊಟ್ಟಿ ನಿಂತಾಗಲೇ ಹೋಗಿದ್ದರೆ ಗಡ್ಡೆಯನ್ನೇ ತೆಗೆಯಲು ಆಗುತ್ತಿತ್ತೋ ಏನೋ. ಡಾಕ್ಟರು ಅದನ್ನು ಹೇಳಲಿಲ್ಲ, ಮರಗಮ್ಮ ಕೇಳಲಿಲ್ಲ. ಹಿಟ್ಟು ನಾದುವಾಗ ಮಾತ್ರ ತನ್ನನ್ನೇ ಕೇಳಿಕೊಳ್ಳುತ್ತಾಳೆ. ಆದರೆ ಹಸಿವಿನಿಂದ ಎದೆ ಹಿಡಿದುಕೊಂಡು ಹೊಸ್ತಿಲಲ್ಲಿ ಕೂತಿದ್ದ ಮನುಷ್ಯ ಇವತ್ತು ಮನೆಯವರ ಜೊತೆ ಕೂತು ಉಣ್ಣುತ್ತಿದ್ದಾನೆ. ಆ ಮನೆಗೆ ಅದು ಸಣ್ಣ ಮಾತಲ್ಲ.

ಮೊನ್ನೆ ರೊಟ್ಟಿ ಒಯ್ಯಲು ಬಂದ ಪಕ್ಕದ ಚಾಳಿನ ಹೆಂಗಸೊಬ್ಬಳು ಹೇಳಿದಳು: "ಮರಗಮ್ಮಾ, ಎರಡು ರೊಟ್ಟಿ ಭಾಳ ತೆಳ್ಳಗ ಬಡದು ಕೊಡವ್ವಾ. ನಮ್ಮ ಮಾವಗ ದಪ್ಪಂದು ಹೋಗವಲ್ದು."

ಮರಗಮ್ಮ ಕೈ ನಿಲ್ಲಿಸಿದಳು. ಉಂಡೆಯನ್ನು ಕೆಳಗಿಟ್ಟಳು. "ತೆಳ್ಳಗ ಬಡೀತೀನಿ," ಎಂದಳು. "ಆದ್ರ ಮೊದಲು ಕುಂದ್ರು. ಯಾವಾಗಿಂದ ಹೋಗವಲ್ದು, ಹೇಳು."

ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಇವತ್ತು ಊಟಕ್ಕೆ ಕೂತಾಗ ನಿಮ್ಮ ಮನೆಯ ತಟ್ಟೆಗಳನ್ನು ಒಮ್ಮೆ ನೋಡಿ. ಹಲ್ಲು ಗಟ್ಟಿ ಇರುವ ದೊಡ್ಡವರೊಬ್ಬರ ಊಟ ಮಾತ್ರ ದಿನೇ ದಿನೇ ಮೆತ್ತಗಾಗುತ್ತಿದೆಯೇ? ಎದೆಯಲ್ಲಿ ನಿಲ್ಲುತ್ತದೆ ಎನ್ನುತ್ತಾರೆಯೇ? ಮೈ ಇಳಿಯುತ್ತಿದೆಯೇ? ಹಾಗಿದ್ದರೆ ಅಡುಗೆ ಬದಲಿಸಿ ಸುಮ್ಮನಾಗಬೇಡಿ, ಯಾರ ಮೇಲೂ ಅನುಮಾನ ಪಡಬೇಡಿ, ವಾಂತಿ ಮಾಡಿಸಲು ಕರೆದುಕೊಂಡು ಹೋಗಬೇಡಿ. ಎರಡು ವಾರ ಕಳೆಯುವ ಮೊದಲೇ ಡಾಕ್ಟರಿಗೆ ತೋರಿಸಿ. ನೀರೂ ಇಳಿಯದಿದ್ದರೆ ಅದೇ ದಿನ ಹೋಗಿ. ದಾರಿ ಸಣ್ಣದಾದವರಿಗೆಲ್ಲ ಕ್ಯಾನ್ಸರ್ ಇರುವುದಿಲ್ಲ. ಎಲ್ಲರಿಗೂ ಸ್ಟೆಂಟ್ ಬೇಕಾಗುವುದೂ ಇಲ್ಲ. ಕೆಲವರಿಗೆ ಔಷಧಿ ಸಾಕು, ಕೆಲವರಿಗೆ ದಾರಿಯನ್ನು ಹಿಗ್ಗಿಸಿದರೆ ಸಾಕು. ಯಾವುದು ಬೇಕು ಎನ್ನುವುದು ನೋಡಿದ ಮೇಲೇ ಗೊತ್ತಾಗುತ್ತದೆ. ಸ್ಟೆಂಟ್ ಹಾಕಿಸಿಕೊಂಡವರು ಮನೆಯಲ್ಲಿದ್ದರೆ, ಮತ್ತೆ ನುಂಗಲು ಕಷ್ಟವಾದಾಗ, ರಕ್ತ ವಾಂತಿಯಾದಾಗ, ಮಲ ಕಪ್ಪಾದಾಗ, ಜ್ವರ ಅಥವಾ ಎದೆನೋವು ಹೆಚ್ಚಾದಾಗ ತಡ ಮಾಡದೆ ಹೋಗಿ.

ರೊಟ್ಟಿ ತೆಳ್ಳಗೆ ಬೇಕು ಎಂದು ನಿಮ್ಮ ಮನೆಯಲ್ಲಿ ಯಾರಾದರೂ ಹೇಳಿದರೆ, ಬಡಿಯುವ ಕೈ ನಿಲ್ಲಿಸಿ. ಯಾಕೆ ಎಂದು ಕೇಳಿ.